ರಿಕೂಪರೇಟ್ ಆಗುವವರ ಮನೆ

ನನ್ನ ಚಷ್ಮಾದ ಡಬ್ಬಿಯಲ್ಲಿ ಒಂದು ಝೆರಾಕ್ಸ್ ಕಾಗದ ನಾಲ್ಕು ಮಡಿಕೆಯಾಗಿ ಕೂತು ಎರಡು ತಿಂಗಳಾಯಿತು. ಚಷ್ಮಾ ತೆಗೆಯುವಾಗಲೆಲ್ಲ ಅದು ಕೆಳಗೆ ಬೀಳುತ್ತದೆ. ಬಗ್ಗಿ ಎತ್ತಿಕೊಳ್ಳಬೇಕು, ಬಗ್ಗಿದರೆ ಕಾಲು ನೋಯುತ್ತದೆ. ಎಸೆದುಬಿಡಿ ಎಂದು ನೀವು ಹೇಳಬಹುದು. ಎಸೆಯುವುದಕ್ಕೂ ಒಂದಿಷ್ಟು ಉಮೇದು ಬೇಕಲ್ಲ, ಅದು ಸದ್ಯಕ್ಕೆ ನನ್ನ ಹತ್ತಿರ ಇಲ್ಲ.

ಅದು ನನ್ನದೇ ರಜೆ ಅರ್ಜಿ. ಅಫಜಲಪುರದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಾಸ್ತರ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದಿತ್ತು, ಉಳಿದವರೆಲ್ಲ ಹಾಗೇ ಬರೆಯುತ್ತಾರೆ. ಆದರೆ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನ ಜಂಬ ಕಾಲು ಮುರಿದ ಮಾತ್ರಕ್ಕೆ ಮುರಿಯುವಂಥದ್ದಲ್ಲ. ಹಾಸಿಗೆಯಲ್ಲಿ ಒರಗಿಕೊಂಡು, ತೊಡೆಯ ಮೇಲೆ ರೈಟಿಂಗ್ ಪ್ಯಾಡ್ ಇಟ್ಟುಕೊಂಡು, ಎಡಗಾಲಿನ ಎಲುಬು ಮುರಿದಿರುವುದರಿಂದ ಮನೆಯಲ್ಲಿ ರಿಕೂಪರೇಟ್ ಆಗುತ್ತಿದ್ದೇನೆ, ಆರು ವಾರ ರಜೆ ಮಂಜೂರು ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಹೆಡ್‌ಮಾಸ್ತರರು ಫೋನ್ ಮಾಡಿ, "ಸರ್, ಅರ್ಜಿ ಭಾಳ ಚಂದ ಬರದೀರಿ. ಆ ಒಂದು ಶಬ್ದದ ಸಲುವಾಗಿ ಕಪಾಟಿನ್ಯಾಗಿಂದ ಡಿಕ್ಷನರಿ ತೆಗಸಬೇಕಾತು ನೋಡ್ರಿ" ಎಂದರು. ನೋವಿನಲ್ಲೂ ನನಗೆ ಖುಷಿಯಾಯಿತು.

ಆ ಒಂದು ಕ್ರಿಯಾಪದದ ನೆಪ ಇಟ್ಟುಕೊಂಡು ನಾನು ಹೇಳಬೇಕೆಂದಿರುವುದು ಮಾತ್ರ ನನ್ನ ಹೆಂಡತಿ ನೀಲಮ್ಮನ ಬಲಗೈ ವಿಷಯ. ನೇರವಾಗಿ ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ವ್ಯಾಕರಣದ ಕಡೆಯಿಂದ ಬರುತ್ತಿದ್ದೇನೆ. ಸ್ವಲ್ಪ ಸಹಿಸಿಕೊಳ್ಳಿ.

ಕ್ಲಾಸಿನಲ್ಲಿ ನಾನು ಪ್ರತಿವರ್ಷ ಒಂದೇ ರೀತಿ ಹೇಳಿಕೊಡುತ್ತಿದ್ದೆ. ಹೀಲ್ ಅನ್ನುವುದು ಗಾಯದ ಕೆಲಸ. ಗಾಯ ತನ್ನ ಪಾಡಿಗೆ ತಾನು ಮಾಯುತ್ತದೆ, ಯಾರೂ ನೋಡದಿದ್ದರೂ ಮಾಯುತ್ತದೆ. ರಿಕವರ್ ಅನ್ನುವುದು ಮನುಷ್ಯನ ಕೆಲಸ; ಕಳೆದುಕೊಂಡದ್ದನ್ನು ಅವನು ಮರಳಿ ಪಡೆಯಬೇಕು. ಇನ್ನು ರಿಕೂಪರೇಟ್ ಎಂದರೆ ಪೆಟ್ಟು ತಿಂದವನು ಒಂದು ಕಡೆ ಮಲಗಿ, ತನ್ನ ಕೆಲಸವನ್ನೆಲ್ಲ ಉಳಿದವರಿಗೆ ಬಿಟ್ಟು, ಹೋದ ಶಕ್ತಿ ಸಾವಕಾಶ ಬರಲಿ ಎಂದು ಕಾಯುವುದು. ಹಳೆಯ ವ್ಯಾಕರಣದ ಪುಸ್ತಕವೊಂದರಲ್ಲಿ ಇದಕ್ಕೊಂದು ಚಿತ್ರವಿತ್ತು. ಕಿಟಕಿಯ ಪಕ್ಕ ಮೆತ್ತನೆಯ ಕುರ್ಚಿ, ಕುರ್ಚಿಯಲ್ಲೊಬ್ಬ ಮುದುಕ, ಮೊಣಕಾಲ ಮೇಲೆ ಶಾಲು, ಪಕ್ಕದ ಮೇಜಿನ ಮೇಲೆ ಹೂವು. ಅಂಥ ಕುರ್ಚಿಯನ್ನು ನಮ್ಮ ಮಕ್ಕಳು ಕಲಬುರಗಿಯ ದೊಡ್ಡ ದವಾಖಾನೆಯಲ್ಲೂ ಕಂಡಿರಲಿಲ್ಲ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಮ್ಮ ಎತ್ತಿಗಿ ಹಂಗ ಅನ್ನಬಹುದೇನ್ರಿ?" ಎಂದು ಕೇಳಿದಳು. ಅವರ ಎತ್ತಿನ ಕಾಲಿಗೆ ನೇಗಿಲ ಕುಳ ಬಡಿದಿತ್ತಂತೆ. ಅವಳ ಅಪ್ಪ ಅದನ್ನು ಬೇವಿನ ಮರದ ನೆರಳಿಗೆ ಕಟ್ಟಿ, ತಿಂಗಳುಗಟ್ಟಲೆ ಹಿಂಡಿ, ಹಸಿ ಮೇವು ಇದ್ದಲ್ಲಿಗೇ ತಂದು ಹಾಕಿದ್ದನಂತೆ. ಕೊರಳಿಗೆ ನೊಗ ಇಡಗೊಡಲಿಲ್ಲವಂತೆ. ಸಾಧಾರಣವಾಗಿ ಮನುಷ್ಯರಿಗೇ ಹೇಳುವ ಶಬ್ದ ಅದು ಎಂದೆ. "ಮಂದಿಗಿ ಹಂಗ ಯಾರು ಮಾಡ್ತಾರ್ರಿ ಸರ್?" ಎಂದು ಅವಳು ಕೂತಳು. ಕ್ಲಾಸು ನಕ್ಕಿತು, ನಾನೂ ನಕ್ಕು ಮುಂದಿನ ಶಬ್ದಕ್ಕೆ ಹೋದೆ.

ಅವಳು ಹೇಳಿದ್ದರಲ್ಲಿ ನನಗೂ ಸ್ವಲ್ಪ ಅನುಭವವಿತ್ತು ಎನ್ನಿ. ನಮ್ಮೂರು ಆಳಂದ ತಾಲ್ಲೂಕಿನ ನಿಂಬರ್ಗಾದ ಹತ್ತಿರ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಹುಣಸೆ ಮರದಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದೆ. ಎಲುಬು ಕೂಡಿಸುವ ಮುತ್ಯಾ ಒಬ್ಬರಿದ್ದರು. ಬಿದಿರಿನ ಸೀಳು ಇಟ್ಟು, ಕೋಳಿಮೊಟ್ಟೆಯ ಬಿಳಿ ಲೋಳೆಯಲ್ಲಿ ಅದ್ದಿದ ಬಟ್ಟೆ ಸುತ್ತಿ ಕಟ್ಟುತ್ತಿದ್ದರು. ನಮ್ಮದು ಲಿಂಗಪೂಜೆಯ ಮನೆ, ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ. ಮಗನ ಕೈಯೂ ನೆಟ್ಟಗಾಗಬೇಕು, ಮನೆಯೂ ಮೈಲಿಗೆಯಾಗಬಾರದು. ಅವ್ವ ಒಂದು ದಾರಿ ಕಂಡುಹಿಡಿದಳು. ಪಟ್ಟಿಯನ್ನು ದನದ ಕೊಟ್ಟಿಗೆಯಲ್ಲೇ ಕಟ್ಟಿಸಿದಳು, ಬಿಚ್ಚುವತನಕ ನನ್ನನ್ನೂ ಅಲ್ಲೇ ಇಟ್ಟಳು. ಇಪ್ಪತ್ತೊಂದು ದಿನ ಎರಡು ಎತ್ತು, ಒಂದು ಎಮ್ಮೆಯ ನಡುವೆ ನಾನು ಹಾಯಾಗಿ ಮಲಗಿದ್ದೆ. ಮಂದಿ ಉತ್ತತ್ತಿ, ಬೆಲ್ಲ ತಂದು ಕೊಟ್ಟು ಹೋಗುತ್ತಿದ್ದರು. ಅವ್ವ ಕೊಟ್ಟಿಗೆಗೂ ಅಡಿಗೆಮನೆಗೂ ನಡುವೆ ದಿನಕ್ಕೆಷ್ಟು ಸಲ ಓಡಾಡಿದಳೋ, ಪ್ರತಿಸಲ ಕಾಲು ತೊಳೆದುಕೊಂಡೇ ಒಳಗೆ ಹೋಗಬೇಕಿತ್ತು. ಕೈ ನೆಟ್ಟಗಾದರೆ ಜಿಡಗಾದ ಮಠಕ್ಕೆ ನಡೆದುಕೊಂಡು ಬರುತ್ತೇನೆ ಎಂದು ಬೇರೆ ಹರಕೆ ಹೊತ್ತಿದ್ದಳು, ನಡೆದೇ ಹೋಗಿಬಂದಳು. ಅವಳಿಗೆ ಆಗ ದಣಿವಾಗಿತ್ತೇ ಎಂದು ನನಗೆ ಗೊತ್ತಿಲ್ಲ.

ಈಗ ನಾನು ಬಿದ್ದ ಕಥೆ. ಅಮಾವಾಸ್ಯೆಗೆ ಘತ್ತರಗಿಗೆ ಹೋಗಿ, ಭಾಗ್ಯವಂತಿಯ ದರ್ಶನ ಮಾಡಿಕೊಂಡು, ಬೈಕಿನ ಮೇಲೆ ನಾನೂ ನೀಲಮ್ಮನೂ ಅಫಜಲಪುರಕ್ಕೆ ಹೊರಳಿ ಬರುತ್ತಿದ್ದೆವು. ತೊಗರಿ ರಾಶಿಯ ದಿನಗಳು. ನಮ್ಮ ಕಡೆ ಅರ್ಧ ಕಣ ಹೊಲದಲ್ಲಿದ್ದರೆ ಅರ್ಧ ಕಣ ಡಾಂಬರು ರಸ್ತೆಯ ಮೇಲೆ ಇರುತ್ತದೆ. ಹೋಗಿಬರುವ ಲಾರಿ, ಬಸ್ಸುಗಳೇ ತುಳಿದು ಕಾಳು ಬಿಡಿಸಿಕೊಡಲಿ ಎಂದು ತೊಗರಿ ಕಟ್ಟಿಗೆ ಹರವಿಬಿಡುತ್ತಾರೆ. ಒಣಗಿದ ಕಟ್ಟಿಗೆಯ ಮೇಲೆ ಗಾಡಿ ಜಾರಿತು. ಹೊಲದಲ್ಲಿದ್ದವರು ಓಡಿಬಂದು ನನ್ನನ್ನು ಎತ್ತಿ ಟಂಟಂ ಆಟೋದಲ್ಲಿ ಹಾಕಿದರು. ನೀಲಮ್ಮ ನನ್ನ ತಲೆಯ ಹತ್ತಿರ ಕೂತು ಸೆರಗಿನಿಂದ ಗಾಳಿ ಹಾಕಿದಳು. ದವಾಖಾನೆಯಲ್ಲಿ ಡಾಕ್ಟರು ಅವಳ ಕಡೆ ತಿರುಗಿ, ನಿಮಗೇನಾದರೂ ಪೆಟ್ಟಾಗಿದೆಯೇ ಎಂದು ಕೇಳಿದರು. "ಆಕೀಗಿ ಏನೂ ಆಗಿಲ್ರಿ" ಎಂದು ನಾನೇ ಉತ್ತರ ಕೊಟ್ಟೆ. ಕಾಲು ಮುರಿದಿತ್ತು, ಬಾಯಿ ಗಟ್ಟಿಯಾಗಿತ್ತು.

ಮರುದಿನದಿಂದ ಮಂದಿ ಬರತೊಡಗಿದರು. ಬಿದ್ದವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆ ಎಷ್ಟು ದೊಡ್ಡ ಕೆಲಸ ಎಂದರೆ, ಮದುವೆ ತಪ್ಪಿಸಿದರೂ ನಡೆದೀತು, ಇದನ್ನು ತಪ್ಪಿಸಿದವರನ್ನು ಯಾರೂ ಮರೆಯುವುದಿಲ್ಲ. ಆಳಂದದಿಂದ ಬಂದರು, ಜೇವರ್ಗಿಯಿಂದ ಬಂದರು, ಒಂದೇ ಜೀಪಿನಲ್ಲಿ ಹನ್ನೊಂದು ಮಂದಿ ಬಂದರು. ಮಂಗಳವಾರ, ಶುಕ್ರವಾರ ಬರಬಾರದು ಎನ್ನುವ ನಂಬಿಕೆಯಿದ್ದುದರಿಂದ ಬುಧವಾರದ ದಿನ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗವಿರುತ್ತಿರಲಿಲ್ಲ. ಬಂದವರು ಬಾಳೆಹಣ್ಣು ಕೊಟ್ಟು, ಕಾಲನ್ನು ನೋಡಿ, ಲೊಚಗುಟ್ಟಿ, "ಹೆಂಗ ಬಿದ್ರಿ ಸರ್?" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಆಮೇಲೆ ಅವರು ತಮ್ಮ ತಮ್ಮ ಮುರಿದ ಎಲುಬುಗಳ ಕಥೆ ಹೇಳುತ್ತಿದ್ದರು. ಕೊನೆಗೆ ಚಹಾ ಕುಡಿದು, "ಎಲ್ಲಾ ಛಲೋ ಆಗ್ತದ, ಕಾಳಜಿ ಮಾಡಬ್ಯಾಡ್ರಿ" ಎಂದು ಏಳುತ್ತಿದ್ದರು. ಒಮ್ಮೆ ಬಂದುಹೋದರೆ ಆ ಮನೆಯ ಮಟ್ಟಿಗೆ ಕರ್ತವ್ಯ ಮುಗಿಯಿತು, ಎರಡನೆಯ ಸಲ ಬರಬೇಕೆಂದಿಲ್ಲ.

ಒಂದೇ ಕಥೆಯನ್ನು ಅಷ್ಟು ಸಲ ಹೇಳಿದರೆ ಏನಾಗುತ್ತದೆ ಎಂದು ಬಿದ್ದವರಿಗಷ್ಟೇ ಗೊತ್ತು. ಮೊದಲ ದಿನ ಗಾಡಿ ಬರೀ ಜಾರಿತ್ತು. ಮೂರನೆಯ ದಿನದ ಹೊತ್ತಿಗೆ ಎದುರಿನಿಂದ ಒಂದು ಲಾರಿ ಬಂತು. ವಾರ ಕಳೆಯುವುದರೊಳಗೆ ರಸ್ತೆಗೆ ಒಂದು ಕರು ಅಡ್ಡ ಬಂದು, ಅದನ್ನು ಉಳಿಸಲು ಹೋಗಿ ನಾನು ಬಿದ್ದಿದ್ದೆ. ಜೇವರ್ಗಿಯ ಜನ ಕರುವಿನ ಭಾಗಕ್ಕೆ ಬಂದಾಗ ಕೈ ಮುಗಿದರು. ಇಷ್ಟೆಲ್ಲ ಬೆಳೆದ ಕಥೆಯಲ್ಲಿ ಲಾರಿ ಇತ್ತು, ಕರು ಇತ್ತು, ನನ್ನ ಹಿಂದಿನ ಸೀಟಿನಲ್ಲಿ ಮಾತ್ರ ಯಾರೂ ಇರಲಿಲ್ಲ. ಹಿಂದೆ ಕೂತಿದ್ದವಳು ಆಗ ಒಳಗೆ ಚಹಾ ಸೋಸುತ್ತಿದ್ದಳು.

ನಾಲ್ಕು ದಿನ ಮಗಳು ಕಲಬುರಗಿಯಿಂದ ಬಂದು ಅಡಿಗೆ ನೋಡಿಕೊಂಡಳು. ಅವಳ ಮಕ್ಕಳಿಗೆ ಪರೀಕ್ಷೆ, ಐದನೆಯ ದಿನ ಹೊರಟಳು. ಆಮೇಲೆ ಎಲ್ಲ ನೀಲಮ್ಮನ ಮೇಲೆ ಬಿತ್ತು. ಅವಳ ಬಲಗೈಯಲ್ಲಿ ಬಳೆ ಇರಲಿಲ್ಲ. ಬಂದ ಹೆಂಗಸರಲ್ಲಿ ಒಬ್ಬಿಬ್ಬರು ಅದನ್ನು ಕೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. "ಬಿದ್ದಾಗ ಒಡದ್ವು. ಬಳಿಗ್ಯಾರ ಇನ್ನೂ ಈ ಕಡಿ ಬಂದಿಲ್ಲ" ಎಂದು ಅವಳು ಹೇಳಿ ಒಳಗೆ ಹೋದಳು. ಮುಂಗೈಗೆ ಅರಿಶಿಣ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದಳು. ಏನದು ಎಂದು ಒಮ್ಮೆ ಕೇಳಿದೆ. "ಸ್ವಲ್ಪ ಉಳುಕ್ಯಾದ" ಎಂದಳು. ಅಷ್ಟೊತ್ತಿಗೆ ಬಾಗಿಲಲ್ಲಿ ಯಾರೋ ಬಂದರು, ನಾನು ಕಾಲು ಸರಿಮಾಡಿಕೊಂಡು ಕರುವಿನ ಕಥೆಗೆ ಸಿದ್ಧನಾದೆ.

ಮಲಗಿದವನಿಗೆ ಕಣ್ಣಿಗೆ ಕೆಲಸ ಕಡಿಮೆ, ಕಿವಿಗೆ ಜಾಸ್ತಿ. ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ನಾವು ಬೆಳೆದವರು. ನೀಲಮ್ಮನ ಬಡಿತವಂತೂ ಮೂವತ್ತು ವರ್ಷದಿಂದ ಒಂದೇ ಲಯದಲ್ಲಿತ್ತು, ಅದನ್ನು ಕೇಳಿ ರೊಟ್ಟಿ ಎಷ್ಟು ಅಗಲವಾಯಿತೆಂದು ಹೊರಗಿನಿಂದಲೇ ಹೇಳುತ್ತಿದ್ದೆ. ಈಗ ಆ ಸಪ್ಪಳ ಕೆಟ್ಟಿತ್ತು. ನಾಲ್ಕು ಬಡಿತ, ಒಂದು ನಿಲುಗಡೆ, ಮತ್ತೆ ಎರಡು ಬಡಿತ. ತಾಟಿಗೆ ಬಂದ ರೊಟ್ಟಿ ನಡುವೆ ದಪ್ಪ, ಅಂಚಿಗೆ ಸೀಳು. ನಮ್ಮ ಕಡೆಯ ಯಾವ ಗಂಡಸಾದರೂ ಆಡುವ ಮಾತನ್ನೇ ನಾನೂ ಆಡಿದೆ.

"ಈ ಸಲದ ಜೋಳಕ್ಕ ಜಿಗಿ ಇಲ್ಲ."

ಜಿಗಿ ಎಂದರೆ ಹಿಟ್ಟಿನ ಅಂಟು. ಅದು ಇದ್ದರೆ ರೊಟ್ಟಿ ಕೈಗೆ ಹೇಳಿದಂತೆ ಅಗಲವಾಗುತ್ತದೆ, ಇಲ್ಲದಿದ್ದರೆ ಹರಿಯುತ್ತದೆ. ನೀಲಮ್ಮ ಒಂದು ಗಳಿಗೆ ನನ್ನ ಮುಖ ನೋಡಿ, "ಹೌದ್ರಿ, ಇರಲಿಕ್ಕಿಲ್ಲ" ಎಂದಳು. ಅಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಮಲಗಿ ಮಲಗಿ ಸಿಟ್ಟು ಬಂದಿತ್ತು. ಜೋಳ ಕೊಟ್ಟ ಅಂಗಡಿಯ ಸಿದ್ದಣ್ಣನಿಗೆ ಫೋನ್ ಹಚ್ಚಿ, "ಏನಪಾ ಸಿದ್ದಣ್ಣ, ಮಾಸ್ತರ ಕಾಲು ಮುರಕೊಂಡು ಬಿದ್ದಾನ, ಏನ್ ಕೊಟ್ಟರೂ ನಡೀತದ ಅಂತ ಹಳೀ ಜೋಳ ಕೊಟ್ಟಿಯೇನು?" ಎಂದು ಹತ್ತು ನಿಮಿಷ ಬೈದೆ. ಒಳಗೆ ಪಾತ್ರೆಯ ಸಪ್ಪಳ ನಿಂತಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ನನ್ನ ಪರವಾಗಿ ಗಂಡ ಜಗಳವಾಡುತ್ತಿದ್ದಾನೆ ಎಂದು ಸಂತೋಷಪಡುತ್ತಿರಬಹುದು ಎಂದುಕೊಂಡೆ.

ಸಿದ್ದಣ್ಣ ಮರ್ಯಾದೆಯ ಮನುಷ್ಯ. ಮರುದಿನ ಬೆಳಿಗ್ಗೆಯೇ ಹೆಂಡತಿ ಈರಮ್ಮನನ್ನು ಕರೆದುಕೊಂಡು ಬಂದ. ಅವನ ಮುಖ ಸಣ್ಣದಾಗಿತ್ತು.

"ಸರ್, ಅದು ಇದೇ ವರ್ಷದ ಬಿಳಿಜೋಳ ಅದರಿ. ನಮ್ಮ ಮನ್ಯಾಗ ಅದೇ ಚೀಲದ ಜೋಳ ಉಣ್ಣಾಕತ್ತೇವಿ. ನಮ್ಮಾಕಿ ನಿಮ್ಮ ಡಬ್ಬಿ ಹಿಟ್ಟು ತಗೊಂಡು ನಿಮ್ಮ ಮುಂದ ಎರಡು ರೊಟ್ಟಿ ಬಡೀಲಿ. ಹರಿದ್ವು ಅಂದ್ರ ನಾಳಿಂದ ನಾ ಅಂಗಡಿ ಬಾಗಿಲ ತೆಗ್ಯಾಂಗಿಲ್ಲ."

ಈರಮ್ಮ ಒಳಗೆ ಹೋದಳು. ನಾವಿಬ್ಬರೂ ಹೊರಗೆ ಕೂತು ಕಿವಿ ಕೊಟ್ಟೆವು. ಸಪ್ಪಳ ಶುರುವಾಯಿತು. ಎಲ್ಲೂ ಕಡಿಯದೆ, ಒಂದೇ ಸಮ, ಮೊದಲು ಗಟ್ಟಿಯಾಗಿ, ಆಮೇಲೆ ಅಗಲವಾದಂತೆ ಹಗುರಾಗಿ. ಸಿದ್ದಣ್ಣ ನನ್ನ ಕಡೆ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದ. ಎರಡನೆಯ ರೊಟ್ಟಿ ಮುಗಿದ ಮೇಲೆ ಒಳಗೆ ಇಬ್ಬರು ಹೆಂಗಸರ ಸಣ್ಣ ಮಾತು ಕೇಳಿಸಿತು. ಆಮೇಲೆ ಈರಮ್ಮ ತೆಳ್ಳಗಿನ, ದುಂಡನೆಯ ರೊಟ್ಟಿಯನ್ನು ತಾಟಿನಲ್ಲಿಟ್ಟುಕೊಂಡು ಬಂದು ನನ್ನ ಮುಂದಿಟ್ಟಳು.

"ಹಿಟ್ಟಿಗಿ ಏನೂ ಆಗಿಲ್ರಿ ಸರ. ಅಕ್ಕಾರ ಕೈಗಿ ಆಗ್ಯಾದ. ಎಡಗೈಲೆ ಬಡ್ಯಾಕತ್ತಾರ ಅವರು. ಬಲಗೈ ನೋಡೀರೇನು ನೀವು?"

ನಾನು ನೋಡಿರಲಿಲ್ಲ. ನೀಲಮ್ಮನನ್ನು ಕರೆದು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿಸಿದೆ. ಮಣಿಕಟ್ಟಿನ ಹತ್ತಿರ ಕೈ ಒಂದು ಕಡೆಗೆ ವಾಲಿತ್ತು, ಬಾವು ಕಲ್ಲಿನಷ್ಟು ಗಟ್ಟಿಯಾಗಿತ್ತು. ಸಿದ್ದಣ್ಣ ತನ್ನ ಟೆಂಪೋ ತರಲು ಎದ್ದು ಹೋದ. ಆ ರೊಟ್ಟಿಯನ್ನು ನಾನು ತಿನ್ನಲಿಲ್ಲ.

ಕಲಬುರಗಿಯ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, "ಬಿದ್ದು ಎಷ್ಟು ದಿನ ಆಯ್ತು?" ಎಂದರು. ಇಪ್ಪತ್ತಾರು ದಿನ ಎಂದೆ. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಕೇಳಿದರು. ರಿಕೂಪರೇಟ್ ಆಗುತ್ತಿದ್ದೆ ಎಂದು ಹೇಳುವಂತಿರಲಿಲ್ಲ. ಅವರು ಮತ್ತೊಮ್ಮೆ ಫಿಲ್ಮ್ ನೋಡಿ ಹೇಳಿದರು: "ಹೀಲ್ ಆಗ್ತಾ ಬಂದಿದೆ ಸರ್. ಆದರೆ ಸೊಟ್ಟ ಕೂತಿದೆ." ಈಗ ಎರಡೇ ದಾರಿ. ಆಪರೇಷನ್ ಮಾಡಿ, ಅರ್ಧ ಕೂಡಿದ ಎಲುಬನ್ನು ಬಿಡಿಸಿ, ಪ್ಲೇಟ್ ಹಾಕಿ ನೆಟ್ಟಗೆ ಕೂಡಿಸಬೇಕು. ಇಲ್ಲದಿದ್ದರೆ ಪಟ್ಟಿ ಹಾಕಿ ಇರುವಂತೆಯೇ ಗಟ್ಟಿಯಾಗಲು ಬಿಡಬೇಕು. ಆಗ ಸಣ್ಣಪುಟ್ಟ ಕೆಲಸಕ್ಕೆ ಬರುತ್ತದೆ, ಅಂಗೈ ಪೂರ್ತಿ ತಿರುಗುವುದಿಲ್ಲ, ಭಾರದ ಬಡಿತ ತಡೆಯುವುದಿಲ್ಲ.

ನಾನು ಆಪರೇಷನ್ ಮಾಡಿಸೋಣ ಎಂದೆ. ಅಂದೆ ಅನ್ನುವುದಕ್ಕಿಂತ ಬೇಡಿಕೊಂಡೆ. ನೀಲಮ್ಮ ಡಾಕ್ಟರರ ಕಡೆ ನೋಡುತ್ತ, "ಬ್ಯಾಡ್ರಿ. ಒಂದು ಸಲ ಮುರದದ್ದು ಸಾಕು" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ನಡೆದುಬಂದವರು ಇನ್ನೊಂದು ಹೆಜ್ಜೆ ಆಗುವುದಿಲ್ಲ ಎನ್ನುವ ಧ್ವನಿ ಅದು. ಪಟ್ಟಿ ಹಾಕಿಸಿಕೊಂಡು ಬಂದೆವು. ದಾರಿಯಲ್ಲಿ ಅವಳು ನಿದ್ದೆ ಮಾಡಿದಳು, ನಾನು ಅವಳ ಕೈಯನ್ನು ಟೆಂಪೋದ ಕುಲುಕಾಟಕ್ಕೆ ತಾಗದಂತೆ ಹಿಡಿದುಕೊಂಡಿದ್ದೆ. ಬಹಳ ತಡವಾಗಿ ಹಿಡಿದುಕೊಂಡಿದ್ದೆ.

ಈಗ ಮನೆಯಲ್ಲಿ ಒಂದು ಕಾಲು, ಒಂದು ಕೈ ಪಟ್ಟಿಯಲ್ಲಿದ್ದವು. ರೊಟ್ಟಿ ಕೇಂದ್ರದಿಂದ ರೊಟ್ಟಿ ತರಿಸಿದೆವು, ಈರಮ್ಮ ಪಲ್ಯ ಕಳಿಸಿದಳು. ಇನ್ನು ನೀಲಮ್ಮನನ್ನು ಮಾತಾಡಿಸಲು ಮಂದಿ ಬರುತ್ತಾರೆ ಎಂದು ನಾನು ಕಾದೆ. ಬುಧವಾರ ಬಂತು, ಬಾಗಿಲಲ್ಲಿ ನಮ್ಮಿಬ್ಬರ ಚಪ್ಪಲಿ ಬಿಟ್ಟರೆ ಬೇರೆ ಇರಲಿಲ್ಲ. ಗುರುವಾರವೂ ಹಾಗೇ. ಸುದ್ದಿ ಮುಟ್ಟಿಲ್ಲವೇನೋ ಎಂದು ಜೇವರ್ಗಿಯಲ್ಲಿರುವ ಅವಳ ತಮ್ಮನಿಗೆ ನಾನೇ ಫೋನ್ ಮಾಡಿದೆ.

"ಹೌದೇನ್ರಿ ಮಾಮಾ? ಅಯ್ಯ ಪಾಪ. ಆದ್ರ ನಾವು ಆವತ್ತೇ ಎಲ್ಲಾರೂ ಬಂದು ಹೋಗೇವಲ್ರಿ, ಜೀಪ್ ಮಾಡ್ಕೊಂಡು. ಅಕ್ಕ ಆಗ ಏನೂ ಅನ್ನಲೇ ಇಲ್ಲ ನೋಡ್ರಿ."

ಅವನದೇನೂ ತಪ್ಪಿಲ್ಲ. ಒಂದೇ ಗಾಡಿ, ಒಂದೇ ಬೀಳುವಿಕೆ, ಒಂದೇ ಮನೆ. ಎಲ್ಲರೂ ಬಂದುಹೋಗಿದ್ದರು. ಅವರು ತಂದ ಅನುಕಂಪವನ್ನೆಲ್ಲ ಪಡಸಾಲೆಯಲ್ಲಿ ಮಲಗಿ ನಾನೊಬ್ಬನೇ ಖರ್ಚು ಮಾಡಿಬಿಟ್ಟಿದ್ದೆ. ಅವಳ ಪಾಲಿಗೆ ಉಳಿದದ್ದು ಎಂಜಲು ಕಪ್ಪುಗಳು. ಒಂದು ಗಳಿಗೆ ನನಗೆ ಅವಳ ಮೇಲೆ ಸಿಟ್ಟು ಬಂತು, ಹೇಳಬಾರದಿತ್ತೇ ಎಂದು. ಯಾರಿಗೆ ಹೇಳಬೇಕಿತ್ತು ಎಂದು ಯೋಚಿಸಿದಾಗ ಆ ಸಿಟ್ಟೂ ಉಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಕೋಲು ಹಿಡಿದುಕೊಂಡು, ಗೋಡೆ ಸವರುತ್ತ ಅಡಿಗೆಮನೆಗೆ ಹೋದೆ. ಪಡಸಾಲೆಯಿಂದ ಅಲ್ಲಿಗೆ ಹದಿನಾಲ್ಕು ಹೆಜ್ಜೆ. ನೀಲಮ್ಮ ಗೋಡೆಗೆ ಒರಗಿ ಕೂತು ಎಡಗೈಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಏನೋ ಬೇಕಾಗಿ ಬಂದೆನೆಂದು ತಿಳಿದು ಏಳಲು ಹೋದಳು. ಬೇಡ ಎಂದು ಕೈ ಮಾಡಿ, ಪಕ್ಕದ ಸ್ಟೂಲಿನ ಮೇಲೆ ಕೂತೆ.

"ನೀಲಾ, ನೀ ಹೆಂಗ ಬಿದ್ದಿ?"

ಅವಳು ತಲೆ ಎತ್ತಿದಳು. "ಇದೇನ್ರಿ ಕೇಳೋದು? ಇಬ್ಬರೂ ಕೂಡೇ ಬಿದ್ದೇವಲ್ಲ."

"ಇರಲಿ. ನೀ ಹೇಳು."

ಸ್ವಲ್ಪ ಹೊತ್ತು ಅಕ್ಕಿಯಲ್ಲೇ ಬೆರಳಾಡಿಸಿದಳು. ನನ್ನ ಕಡೆ ನೋಡಿದಳು, ಇವನು ನಿಜವಾಗಿ ಕೇಳುತ್ತಿದ್ದಾನೋ ಇಲ್ಲವೋ ಎಂದು ಲೆಕ್ಕ ಹಾಕುವಂತೆ. ಆಮೇಲೆ ತಾಟನ್ನು ಪಕ್ಕಕ್ಕೆ ಸರಿಸಿದಳು.

"ತೊಗರಿ ಕಟ್ಟಿಗಿ ನನಗ ದೂರದಿಂದೇ ಕಂಡಿತ್ತು. ಸಾವಕಾಶ ಹೋಗ್ರಿ ಅಂದೆ. ನೀ ಸುಮ್ಮ ಕುಂದರ ಅಂದ್ರಿ ನೀವು. ಸುಮ್ಮ ಕುಂತೆ. ಗಾಡಿ ಜಾರಿದಾಗ ಮೊದಲು ನಾ ಬಿದ್ದೆ. ನನ್ನ ಮ್ಯಾಲ ನೀವು ಬಿದ್ರಿ. ಈ ಕೈ ನಿಮ್ಮ ಕೆಳಗ ಇತ್ತು. ಲಟ್ ಅಂದದ್ದು ನನಗ ಕೇಳಿಸ್ತು. ಅಲ್ಲೇ ಸ್ವಲ್ಪ ಹೊತ್ತು ಮಲಗಬೇಕು ಅನಿಸಿತ್ತು. ನೀವು ಅಯ್ಯೋ ಅಯ್ಯೋ ಅಂತ ಒದರಾಕತ್ತಿದ್ರಿ. ಅದಕ್ಕ ಎದ್ದೆ."

ತಿಂಗಳಿಡೀ ಮಂದಿಯ ಬಾಯಿಂದ ಕೇಳಿ ಕೇಳಿ ರೂಢಿಯಾದ ಮಾತೇ ನಾಲಗೆಗೆ ಬಂತು. ಎಲ್ಲಾ ಛಲೋ ಆಗ್ತದ ಬಿಡು ಎಂದು ಗೊಣಗಿ, ಏಳಲು ಕೋಲಿಗೆ ಕೈ ಹಾಕಿದೆ.

"ಕುಂದರ್ರಿ," ಎಂದಳು ನೀಲಮ್ಮ. "ಇನ್ನೂ ಮುಗದಿಲ್ಲ."